ಹನ್ನೆರಡು ವರ್ಷದ ನಾಯಕನನ್ನು ಏಕೆ ದೊಡ್ಡವನನ್ನಾಗಿ ಮಾಡುತ್ತಾರೆ?

ಹದಿಹರೆಯದವರಿಗಾಗಿ ಬರೆದ ಇಂಗ್ಲಿಷ್ ಕಾದಂಬರಿಯೊಂದು ಸಿನಿಮಾ ಆದಾಗಲೆಲ್ಲ ನನ್ನ ಗೆಳತಿಯರ ನಡುವೆ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಯಾವ ದೃಶ್ಯ ಬಿಟ್ಟುಹೋಗಿದೆ, ಯಾವ ಪಾತ್ರಕ್ಕೆ ಕತ್ತರಿ ಬಿದ್ದಿದೆ, ಯಾರ ಕೂದಲಿನ ಬಣ್ಣ ಪುಸ್ತಕದಲ್ಲಿದ್ದಂತೆ ಇಲ್ಲ ಎಂಬ ಲೆಕ್ಕಾಚಾರವೇ ಅದರ ಮುಕ್ಕಾಲು ಪಾಲು. ಎರಡೂವರೆ ಗಂಟೆಯ ಸಿನಿಮಾದಲ್ಲಿ ನಾನೂರು ಪುಟಗಳು ಹಿಡಿಸುವುದಿಲ್ಲವಾದ್ದರಿಂದ ಬಿಟ್ಟದ್ದನ್ನು ಎಣಿಸುತ್ತ ಕೂರುವುದರಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ನಾನು ಈಗ ನೋಡುವುದು ಒಂದನ್ನೇ: ಕಥೆಯ ಹುಡುಗನಿಗೋ ಹುಡುಗಿಗೋ ಏನು ಗೊತ್ತಿರಲಿಲ್ಲವೋ ಅದು ತೆರೆಯ ಮೇಲೂ ಗೊತ್ತಿಲ್ಲದೆ ಉಳಿದಿದೆಯೇ? ನಾನು ಮೆಚ್ಚಿದ ಕಾದಂಬರಿಗಳೆಲ್ಲವೂ ಈ ಗೊತ್ತಿಲ್ಲದಿರುವಿಕೆಯ ಮೇಲೆಯೇ ನಿಂತಿವೆ. ಅವುಗಳನ್ನು ತೆರೆಗೆ ತಂದ ಹಿರಿಯರು ಮೊದಲು ತಿದ್ದಲು ಹೊರಡುವುದೂ ಅದನ್ನೇ. (ಈ ಬರಹದಲ್ಲಿ ಹಲವು ಕಾದಂಬರಿಗಳ ತಿರುವುಗಳು, ಕೊನೆಗಳು ಬರುತ್ತವೆ. ಇನ್ನೂ ಓದದವರು ಓದಿ ಬಂದರೆ ಒಳ್ಳೆಯದು.)

ಮೊದಲಿಗೆ ರಿಕ್ ರಿಯಾರ್ಡನ್ ಅವರ ಪರ್ಸಿ ಜಾಕ್ಸನ್. ಮೊದಲ ಪುಸ್ತಕ 2005ರಲ್ಲಿ, ಐದನೆಯದು 2009ರಲ್ಲಿ ಬಂದವು. ಗ್ರೀಕ್ ದೇವತೆಗಳು ಇಂದಿನ ಅಮೆರಿಕದಲ್ಲಿ ಬದುಕಿದ್ದಾರೆ, ಸಮುದ್ರದೇವತೆ ಪೊಸೈಡನ್‌ಗೆ ಮನುಷ್ಯಳಲ್ಲಿ ಹುಟ್ಟಿದ ಮಗ ಪರ್ಸಿ ಎಂಬುದು ಕಥೆಯ ತಿರುಳು. ಪರ್ಸಿಗೆ ಓದುವಾಗ ಅಕ್ಷರಗಳು ಕಲಸಿಹೋಗುವ ಡಿಸ್‌ಲೆಕ್ಸಿಯಾ ಇದೆ, ಒಂದು ಕಡೆ ಗಮನವಿಟ್ಟು ಕೂರಲು ಬಿಡದ ಎಡಿಎಚ್‌ಡಿಯೂ ಇದೆ. ಇವೆರಡೂ ಇದ್ದ ತಮ್ಮ ಮಗನಿಗೆ ರಾತ್ರಿ ಮಲಗುವಾಗ ಹೇಳುತ್ತಿದ್ದ ಕಥೆಗಳಿಂದಲೇ ರಿಯಾರ್ಡನ್ ಈ ಸರಣಿಯನ್ನು ಕಟ್ಟಿದರು. ಮೊದಲ ಪುಸ್ತಕದಲ್ಲಿ ಪರ್ಸಿಗೆ ಹನ್ನೆರಡು ವರ್ಷ. ದೊಡ್ಡ ದೇವತೆಗಳ ಮಗುವೊಂದು ಹದಿನಾರು ತುಂಬಿದಾಗ ದೇವತೆಗಳ ನೆಲೆಯಾದ ಒಲಿಂಪಸ್‌ನ ಅಳಿವು ಉಳಿವು ನಿರ್ಧಾರವಾಗುತ್ತದೆ ಎಂಬ ಭವಿಷ್ಯವಾಣಿಯೇ ಐದೂ ಪುಸ್ತಕಗಳನ್ನು ಹಿಡಿದಿಟ್ಟಿರುವ ದಾರ. ಪುಸ್ತಕದಿಂದ ಪುಸ್ತಕಕ್ಕೆ ಅವನು ಬೆಳೆಯುತ್ತಾನೆ, ಹದಿನಾರು ಹತ್ತಿರವಾಗುತ್ತದೆ, ಓದುವ ನಮಗೂ ಎದೆ ಭಾರವಾಗುತ್ತ ಹೋಗುತ್ತದೆ.

2010ರಲ್ಲಿ ಕ್ರಿಸ್ ಕೊಲಂಬಸ್ ನಿರ್ದೇಶಿಸಿದ ಸಿನಿಮಾ ಈ ಹುಡುಗನನ್ನು ಹೈಸ್ಕೂಲಿನ ದೊಡ್ಡ ತರಗತಿಯ ತರುಣನನ್ನಾಗಿ ಮಾಡಿತು. ಹಾಗೆ ಮಾಡಿದೊಡನೆ ಭವಿಷ್ಯವಾಣಿಗೆ ಜಾಗವೇ ಇಲ್ಲವಾಯಿತು. ಎಣಿಸಬೇಕಾದ ವರ್ಷಗಳನ್ನು ಮೊದಲ ದೃಶ್ಯಕ್ಕೂ ಮುಂಚೆಯೇ ಖರ್ಚು ಮಾಡಿ ಆಗಿತ್ತು. 2013ರಲ್ಲಿ ಎರಡನೆಯ ಸಿನಿಮಾ ಬಂದಾಗ ಹದಿನಾರನ್ನು ಇಪ್ಪತ್ತಕ್ಕೆ ಏರಿಸಿ ಹೇಗೋ ಸರಿದೂಗಿಸಿದರು. ವಯಸ್ಸು ಏರಿಸಬೇಡಿ ಎಂದು ರಿಯಾರ್ಡನ್ ಚಿತ್ರೀಕರಣಕ್ಕೂ ಮೊದಲೇ ನಿರ್ಮಾಪಕರಿಗೆ ಬರೆದಿದ್ದರು. ವರ್ಷಗಳ ನಂತರ ಆ ಪತ್ರಗಳನ್ನು ತಾವೇ ಪ್ರಕಟಿಸಿದರು. ನಾನು ಅವನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಪುಸ್ತಕ ಬರೆದವರೇ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಅದು ಯಾರ ಕಿವಿಗೂ ಬೀಳಲಿಲ್ಲವಲ್ಲ ಎಂಬುದು ಸಿಟ್ಟಿಗೆ ಕಾರಣ.

ವಯಸ್ಸು ಏರಿಸುವುದಕ್ಕೆ ಅವರದೇ ಆದ ಕಾರಣಗಳಿವೆ ಎಂಬುದನ್ನು ಒಪ್ಪುತ್ತೇನೆ. ಅಲ್ಲಿನ ಕಾನೂನಿನ ಪ್ರಕಾರ ಬಾಲನಟರು ದಿನಕ್ಕೆ ಇಷ್ಟೇ ಗಂಟೆ ಕೆಲಸ ಮಾಡಬಹುದು, ಅದರ ನಡುವೆ ಪಾಠವೂ ಆಗಬೇಕು. ಮೂರು ಸಿನಿಮಾ ಮುಗಿಯುವುದರೊಳಗೆ ಮಗುವಿನ ಧ್ವನಿ ಒಡೆದು ಮೀಸೆ ಮೂಡಿರುತ್ತದೆ. ಸ್ವಲ್ಪ ಪ್ರೇಮವಿದ್ದರೆ ಕಾಲೇಜಿನವರೂ ಚಿತ್ರಮಂದಿರಕ್ಕೆ ಬರುತ್ತಾರೆ ಎಂಬ ಲೆಕ್ಕವೂ ಇರುತ್ತದೆ. ಇವೆಲ್ಲವೂ ಚಿತ್ರತಂಡದ ತೊಂದರೆಗಳು, ಕಥೆಗೆ ಇವುಗಳಿಂದ ಯಾವ ಲಾಭವೂ ಆಗುವುದಿಲ್ಲ. ಹನ್ನೆರಡರ ಹುಡುಗ ತಾಯಿಯನ್ನು ಕಳೆದುಕೊಂಡು ಗೊತ್ತಿಲ್ಲದ ಊರುಗಳ ಮೂಲಕ ಬಸ್ಸಿನಲ್ಲಿ ಹೋಗುವುದಕ್ಕೂ ಕಾರು ಓಡಿಸಬಲ್ಲ ತರುಣ ಅದೇ ದಾರಿಯಲ್ಲಿ ಹೋಗುವುದಕ್ಕೂ ಇರುವ ಅಂತರ ದೊಡ್ಡದು. ಮೊದಲನೆಯವನ ವಿಷಯದಲ್ಲಿ ನಾವು ಹೆದರುತ್ತೇವೆ, ಎರಡನೆಯವನ ವಿಷಯದಲ್ಲಿ ಅವನು ಗೆಲ್ಲುವುದನ್ನು ಕಾಯುತ್ತೇವೆ.

2023ರ ಡಿಸೆಂಬರ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಆರಂಭವಾದ ಸರಣಿಯ ನಿರ್ಮಾಣದಲ್ಲಿ ರಿಯಾರ್ಡನ್ ಸ್ವತಃ ಇದ್ದರು. ಪರ್ಸಿಯಾಗಿ ವಾಕರ್ ಸ್ಕೋಬೆಲ್ ಎಂಬ ಹುಡುಗ ಬಂದ. ಅವನ ಮುಖ, ಅವನ ದನಿ, ಅವನು ತಾಯಿಯನ್ನು ನೋಡುವ ರೀತಿ, ಎಲ್ಲವೂ ನಾನು ಓದಿದ ಪರ್ಸಿಯದೇ. ಆದರೆ ಇಷ್ಟು ಪ್ರೀತಿಯಿಂದ ಮಾಡಿದ ಈ ಸರಣಿಯಲ್ಲಿಯೂ ನನಗೆ ಏನೋ ಕೊರತೆ ಎನಿಸುತ್ತಿತ್ತು. ಅದು ಏನೆಂದು ತಿಳಿಯಲು, ತನ್ನ ಕಣ್ಣಿಗೆ ಕಣ್ಣು ಕೊಟ್ಟವರನ್ನು ಕಲ್ಲಾಗಿಸುವ ಗ್ರೀಕ್ ಪುರಾಣದ ಮೆಡೂಸಾಳ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕಾಯಿತು.

ಪುಸ್ತಕದಲ್ಲಿ ಆ ಅಧ್ಯಾಯ ಹೀಗಿದೆ. ಪರ್ಸಿ, ಅವನ ಜೊತೆಗಾರರಾದ ಆನಬೆತ್, ಗ್ರೋವರ್ ಮೂವರೂ ನ್ಯೂಜೆರ್ಸಿಯ ಕಾಡಿನಲ್ಲಿ ದಣಿದು, ಹಸಿದು ನಡೆಯುತ್ತಿದ್ದಾರೆ. ರಸ್ತೆಯ ಪಕ್ಕದಲ್ಲಿ ದೀಪ ಉರಿಯುವ ಬೋರ್ಡೊಂದು ಕಾಣುತ್ತದೆ. ಪರ್ಸಿಗೂ ಆನಬೆತ್‌ಗೂ ಡಿಸ್‌ಲೆಕ್ಸಿಯಾದಿಂದಾಗಿ ಆ ಅಕ್ಷರಗಳು ಕಲಸಿಹೋಗಿ ಏನೂ ಓದಲಾಗುವುದಿಲ್ಲ, ಗ್ರೋವರ್ ಓದಿ ಹೇಳಬೇಕಾಗುತ್ತದೆ. ಅದು ಎಮ್ ಆಂಟಿಯ ತೋಟದ ಗೊಂಬೆಗಳ ಅಂಗಡಿ. ಒಳಗಿನಿಂದ ಹ್ಯಾಂಬರ್ಗರ್‌ನ ವಾಸನೆ ಬರುತ್ತಿದೆ. ಅಂಗಳದ ತುಂಬ ಕಲ್ಲಿನ ವಿಗ್ರಹಗಳು, ಅವುಗಳಲ್ಲಿ ಒಂದು ತನ್ನ ಅಂಕಲ್ ಫರ್ಡಿನೆಂಡ್‌ನಂತೆಯೇ ಇದೆ ಎಂದು ಗ್ರೋವರ್ ಹೇಳುತ್ತಾನೆ. ಮುಖ ಮುಚ್ಚಿಕೊಂಡ ಹೆಂಗಸು ಬಂದು ಊಟ ಬಡಿಸುತ್ತಾಳೆ. ಓದುವ ನಮಗೆ ಎರಡು ಪುಟ ಮುಂಚೆಯೇ ಸತ್ಯ ಹೊಳೆದಿರುತ್ತದೆ, ಎದ್ದು ಓಡಿ ಎಂದು ಕೂಗಬೇಕೆನಿಸುತ್ತದೆ, ಮಕ್ಕಳು ಮಾತ್ರ ಹಸಿವಿನಿಂದ ತಿನ್ನುತ್ತಲೇ ಇರುತ್ತಾರೆ. ಸರಣಿಯಲ್ಲಾದರೋ ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗಲೇ ಅವಳು ಯಾರೆಂದು ಮೂವರಿಗೂ ಗೊತ್ತು. ಮುಂದೆ ಲೋಟಸ್ ಕ್ಯಾಸಿನೊದಲ್ಲಿಯೂ ಹಾಗೆಯೇ, ಅಲ್ಲಿ ಸಮಯ ಮರೆತುಹೋಗುತ್ತದೆ ಎಂಬ ಅರಿವಿನೊಂದಿಗೇ ಒಳಗೆ ಹೋಗುತ್ತಾರೆ. ಪುರಾಣ ಓದಿದ ಜಾಣ ಮಕ್ಕಳನ್ನು ದಡ್ಡರಂತೆ ತೋರಿಸಬಾರದು ಎಂಬ ಗೌರವ ಇದರ ಹಿಂದೆ ಇದ್ದಿರಬಹುದು. ಮೆಡೂಸಾಳಿಗೆ ತನ್ನ ಕಡೆಯ ಮಾತನ್ನು ಹೇಳಲು ಅವಕಾಶ ಸಿಕ್ಕಿದ್ದು ನನಗೂ ಇಷ್ಟವಾಯಿತು. ಆದರೂ ಹಸಿದ ಮಕ್ಕಳು ಬಲೆಯೊಳಗೆ ತಾವಾಗಿಯೇ ಬಂದು ಕೂರುವ ಆ ಭಯ ಹೋಯಿತು. ಪಾತ್ರದ ವಯಸ್ಸು ಹನ್ನೆರಡಕ್ಕೆ ಮರಳಿದರೂ ಅದರ ತಿಳುವಳಿಕೆ ದೊಡ್ಡವರದ್ದಾಗಿಯೇ ಉಳಿಯಿತು.

ಇದಕ್ಕಿಂತ ಕಠಿಣವಾದ ಸಮಸ್ಯೆ ಲೋಯಿಸ್ ಲೌರಿ ಅವರ ದ ಗಿವರ್ ಕಾದಂಬರಿಯದು. 1993ರಲ್ಲಿ ಪ್ರಕಟವಾಗಿ ಮರುವರ್ಷ ನ್ಯೂಬೆರಿ ಪದಕ ಪಡೆದ ಪುಟ್ಟ ಪುಸ್ತಕ ಅದು. ಯಾರಿಗೂ ನೋವಿಲ್ಲದ, ಆಯ್ಕೆಯೂ ಇಲ್ಲದ ಒಂದು ಊರು. ಅಲ್ಲಿ ಹನ್ನೆರಡು ವರ್ಷ ತುಂಬಿದ ಮಕ್ಕಳಿಗೆ ಹಿರಿಯರು ಉದ್ಯೋಗ ನಿಗದಿ ಮಾಡುತ್ತಾರೆ, ಜೋನಸ್ ಎಂಬ ಹುಡುಗನ ಪಾಲಿಗೆ ಇಡೀ ಸಮಾಜದ ಹಳೆಯ ನೆನಪುಗಳನ್ನು ಹೊರುವ ಕೆಲಸ ಬರುತ್ತದೆ. ಅದಕ್ಕೂ ಮೊದಲು ಒಂದು ಸಣ್ಣ ಘಟನೆ ನಡೆಯುತ್ತದೆ. ಜೋನಸ್ ಗೆಳೆಯನೊಂದಿಗೆ ಸೇಬನ್ನು ಎಸೆದು ಹಿಡಿಯುವ ಆಟ ಆಡುತ್ತಿರುವಾಗ ಅದು ಗಾಳಿಯಲ್ಲಿ ಒಂದು ಕ್ಷಣ ಬದಲಾಗುತ್ತದೆ. ಆಕಾರ ಅದೇ, ಗಾತ್ರ ಅದೇ, ಏನು ಬದಲಾಯಿತು ಎಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು. ಅವನು ಅದನ್ನು ಮನೆಗೆ ಒಯ್ದು ಭೂತಗನ್ನಡಿಯಲ್ಲಿ ನೋಡುತ್ತಾನೆ. ಎಷ್ಟೋ ಪುಟಗಳ ನಂತರ ಮುದುಕನೊಬ್ಬ ಅವನಿಗೆ ವಿವರಿಸುತ್ತಾನೆ: ನೀನು ಕಂಡದ್ದು ಕೆಂಪು ಬಣ್ಣ. ಆ ಊರಿನಲ್ಲಿ ಬಣ್ಣಗಳೇ ಇಲ್ಲ ಎಂಬುದು ನಮಗೆ ಗೊತ್ತಾಗುವುದು ಆಗಲೇ. ಅಲ್ಲಿಯವರೆಗೆ ನಾವು ಓದುತ್ತ ಓದುತ್ತ ಅಲ್ಲಿನ ಮರಗಳಿಗೆ ಹಸಿರನ್ನೂ ಆಕಾಶಕ್ಕೆ ನೀಲಿಯನ್ನೂ ನಾವೇ ತುಂಬಿಕೊಂಡಿರುತ್ತೇವೆ. ಲೇಖಕಿ ಸುಳ್ಳು ಹೇಳಿಲ್ಲ, ಬಣ್ಣದ ವಿಷಯವನ್ನೇ ಎತ್ತದೆ ಸುಮ್ಮನಿದ್ದಾರೆ.

2014ರಲ್ಲಿ ಫಿಲಿಪ್ ನಾಯ್ಸ್ ನಿರ್ದೇಶಿಸಿದ ಸಿನಿಮಾ ಆರಂಭವಾಗುವುದೇ ಕಪ್ಪು ಬಿಳುಪಿನಲ್ಲಿ. ಜೋನಸ್‌ನ ಕಣ್ಣು ತೆರೆದಂತೆಲ್ಲ ತೆರೆಯ ಮೇಲೆ ಬಣ್ಣಗಳು ಒಂದೊಂದಾಗಿ ಬರುತ್ತವೆ. ಇದು ಸುಂದರವಾಗಿದೆ, ಯೋಚಿಸಿ ಮಾಡಿದ್ದೂ ಹೌದು. ಮುದುಕನ ಪಾತ್ರ ಮಾಡಿದ ಜೆಫ್ ಬ್ರಿಜಸ್ ಈ ಕಾದಂಬರಿಯನ್ನು ಸಿನಿಮಾ ಮಾಡಬೇಕೆಂದು ಬಹಳ ವರ್ಷ ಹಂಬಲಿಸಿದ್ದರು, ಆ ಪಾತ್ರಕ್ಕೆ ಮೊದಲು ತಮ್ಮ ತಂದೆಯನ್ನು ನೆನೆದಿದ್ದರು ಎಂದು ತಿಳಿದ ಮೇಲೆ ಆ ಪ್ರಯತ್ನದ ಬಗ್ಗೆ ನನಗೆ ಇನ್ನಷ್ಟು ಗೌರವ ಬಂದಿದೆ. ಆದರೆ ಪುಸ್ತಕ ಅಷ್ಟು ಕಾಲ ಬಚ್ಚಿಟ್ಟದ್ದನ್ನು ಸಿನಿಮಾ ಮೊದಲ ದೃಶ್ಯದಲ್ಲಿಯೇ ನಮ್ಮ ಕಣ್ಣ ಮುಂದೆ ಇಟ್ಟುಬಿಡುತ್ತದೆ. ಜೋನಸ್‌ಗಿಂತ ಮೊದಲೇ ಅವನ ಊರಿನ ಕೊರತೆ ನಮಗೆ ಗೊತ್ತು, ಇನ್ನು ಅವನು ಕಂಡುಕೊಳ್ಳುವುದನ್ನು ಕಾಯುವುದಷ್ಟೇ ನಮ್ಮ ಕೆಲಸ. ಇದರ ಜೊತೆಗೆ ಜೋನಸ್‌ನನ್ನೂ ಅವರು ಬೆಳೆದ ಹುಡುಗನನ್ನಾಗಿ ಮಾಡಿದ್ದಾರೆ. ಪುಸ್ತಕದಲ್ಲಿ ಹನ್ನೆರಡರ ಮಗು ತನ್ನ ತಂದೆ ನಿಜವಾಗಿ ಏನು ಕೆಲಸ ಮಾಡುತ್ತಾನೆ ಎಂಬುದನ್ನು ವಿಡಿಯೊದಲ್ಲಿ ನೋಡುವ ಅಧ್ಯಾಯವಿದೆ. ಅವಳಿ ಶಿಶುಗಳಲ್ಲಿ ತೂಕ ಕಡಿಮೆ ಇರುವುದನ್ನು ಅವನು ಎಂದಿನ ಮುದ್ದು ದನಿಯಲ್ಲಿ ಮಾತಾಡಿಸುತ್ತಲೇ ಸೂಜಿಯಿಂದ ಕೊಲ್ಲುತ್ತಾನೆ. ಅದನ್ನು ಓದಿದ ಮೇಲೆ ನನಗೆ ಬಹಳ ಹೊತ್ತು ಪುಸ್ತಕ ಮುಟ್ಟಲಾಗಲಿಲ್ಲ. ಅಪ್ಪನ ಮಾತನ್ನು ನಂಬುವ ವಯಸ್ಸಿನಲ್ಲಿ ಅದನ್ನು ನೋಡುವುದಕ್ಕೂ, ಅಪ್ಪನೊಂದಿಗೆ ವಾದ ಮಾಡುವ ವಯಸ್ಸಿನಲ್ಲಿ ನೋಡುವುದಕ್ಕೂ ಇರುವ ವ್ಯತ್ಯಾಸ ನನ್ನ ವಯಸ್ಸಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ತಮ್ಮ ಏಳನೇ ತರಗತಿಯಲ್ಲಿದ್ದಾನೆ. ಅವನು ಮೊದಲು ಸಿನಿಮಾ ನೋಡಿ ಆಮೇಲೆ ಪುಸ್ತಕ ಹಿಡಿದ. ಸೇಬಿನ ಪುಟಕ್ಕೆ ಬಂದಾಗ ಅವನ ಮುಖದಲ್ಲಿ ಏನಾಗುತ್ತದೆ ಎಂದು ನೋಡಲು ನಾನು ಪಕ್ಕದಲ್ಲಿಯೇ ಕಾದು ಕುಳಿತಿದ್ದೆ. ಅವನು ಪುಟ ತಿರುವಿದ. "ಏನಾಯ್ತು ಸೇಬಿಗೆ, ಗೊತ್ತಾಯ್ತಾ?" ಎಂದೆ. "ಕೆಂಪಾಯ್ತು ಅಷ್ಟೇ ಅಲ್ವಾ ಅಕ್ಕ, ಸಿನಿಮಾದಲ್ಲಿ ನೋಡಿದ್ನಲ್ಲ" ಎಂದು ಹೇಳಿ ಮುಂದಕ್ಕೆ ಓದಿದ. ಅವನಿಗೆ ಪುಸ್ತಕ ಇಷ್ಟವಾಯಿತು. ಆದರೂ ಆ ಒಂದು ಪುಟ ಅವನಿಗೆ ಇನ್ನೆಂದೂ ನನಗೆ ಸಿಕ್ಕಂತೆ ಸಿಗುವುದಿಲ್ಲವಲ್ಲ ಎಂದು ನನಗೆ ಬೇಸರವಾಯಿತು.

ಬೇರೆ ಕೆಲವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ವೆರೋನಿಕಾ ರಾತ್ ಅವರ ಡೈವರ್ಜೆಂಟ್ ಮೂರು ಪುಸ್ತಕಗಳ ಸರಣಿ. ಮೊದಲೆರಡನ್ನು ನಾಯಕಿ ಟ್ರಿಸ್ ಒಬ್ಬಳೇ ಹೇಳುತ್ತಾಳೆ, ಮೂರನೆಯದರಲ್ಲಿ ಮಾತ್ರ ಅವಳ ಪ್ರಿಯಕರ ಫೋರ್ ಕೂಡ ಸರದಿಯಂತೆ ಕಥೆ ಹೇಳುತ್ತಾನೆ. ಏಕೆ ಎಂಬ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಸಿಗುತ್ತದೆ: ಟ್ರಿಸ್ ಸತ್ತ ಮೇಲೆ ಕಥೆ ಮುಂದುವರಿಸಲು ಯಾರಾದರೂ ಬೇಕಿತ್ತು. ಆ ಪುಸ್ತಕವನ್ನು ಎರಡು ಸಿನಿಮಾಗಳಾಗಿ ಒಡೆದರು, ಮೊದಲ ಅರ್ಧ 2016ರಲ್ಲಿ ಸೋತಿತು, ಉಳಿದರ್ಧ ಸಿನಿಮಾ ಆಗಲೇ ಇಲ್ಲ. ಹೀಗಾಗಿ ತೆರೆಯ ಟ್ರಿಸ್ ಇನ್ನೂ ಬದುಕಿದ್ದಾಳೆ. ಜಾನ್ ಗ್ರೀನ್ ಅವರ ದ ಫಾಲ್ಟ್ ಇನ್ ಅವರ್ ಸ್ಟಾರ್ಸ್ ಕಾದಂಬರಿಯಲ್ಲಿ ಕ್ಯಾನ್ಸರ್ ಇರುವ ಹೇಜಲ್ ಎಂಬ ಹುಡುಗಿ ವಾಕ್ಯದ ನಡುವೆಯೇ ನಿಂತುಹೋಗುವ ಒಂದು ಪುಸ್ತಕವನ್ನು ಹುಚ್ಚಿನಂತೆ ಪ್ರೀತಿಸುತ್ತಾಳೆ, ಮುಂದೆ ಏನಾಯಿತೆಂದು ಕೇಳಲು ಅದರ ಲೇಖಕನನ್ನು ಹುಡುಕಿ ಆಮ್‌ಸ್ಟರ್‌ಡ್ಯಾಮ್‌ವರೆಗೂ ಹೋಗುತ್ತಾಳೆ. 2020ರ ಹಿಂದಿ ಸಿನಿಮಾ ದಿಲ್ ಬೇಚಾರ ಕಥೆಯನ್ನು ಜಮ್‌ಶೆಡ್‌ಪುರಕ್ಕೆ ತಂದು ಪುಸ್ತಕದ ಜಾಗದಲ್ಲಿ ಪೂರ್ತಿಯಾಗದ ಹಾಡನ್ನು ಇಟ್ಟಿತು. ಈ ಬದಲಾವಣೆ ನನಗೆ ಬಹಳ ಹಿಡಿಸಿತು. ಹಾಡು ಅರ್ಧಕ್ಕೆ ನಿಂತದ್ದನ್ನು ಸಿನಿಮಾದಲ್ಲಿ ಕಿವಿಯಿಂದಲೇ ಅನುಭವಿಸಬಹುದು, ಪುಸ್ತಕ ಅರ್ಧಕ್ಕೆ ನಿಂತದ್ದನ್ನು ಯಾರಾದರೂ ಹೇಳಿಯೇ ತಿಳಿಯಬೇಕು. ಕಥೆಗೆ ನಿಷ್ಠೆಯಿಂದಿರಲು ಎಲ್ಲವನ್ನೂ ಹಾಗೆಯೇ ಇಡಬೇಕಾಗಿಲ್ಲ ಎಂಬುದಕ್ಕೆ ಇದು ನನಗೆ ಸಿಕ್ಕ ಒಳ್ಳೆಯ ಉದಾಹರಣೆ.

ನನಗೆ ಅತ್ಯಂತ ಪ್ರಿಯವಾದದ್ದು ಸೂಸನ್ ಕಾಲಿನ್ಸ್ ಅವರ ಹಂಗರ್ ಗೇಮ್ಸ್, 2008ರ ಕಾದಂಬರಿ. ಹದಿನಾರರ ಕಾಟ್‌ನಿಸ್ ಅದನ್ನು ವರ್ತಮಾನ ಕಾಲದಲ್ಲಿ ಹೇಳುತ್ತ ಹೋಗುತ್ತಾಳೆ, ಆದ್ದರಿಂದ ಮುಂದಿನ ಪುಟದಲ್ಲಿ ತಾನು ಬದುಕಿರುತ್ತೇನೆಯೇ ಎಂಬುದು ಅವಳಿಗೇ ಗೊತ್ತಿಲ್ಲ. ಇಪ್ಪತ್ನಾಲ್ಕು ಮಕ್ಕಳನ್ನು ಒಂದು ಕಾಡಿಗೆ ಬಿಟ್ಟು ಒಬ್ಬರು ಉಳಿಯುವವರೆಗೆ ಕೊಲ್ಲಿಸಿ ಅದನ್ನು ಟಿವಿಯಲ್ಲಿ ತೋರಿಸುವ ರಾಜ್ಯದಲ್ಲಿ, ಹೊರಗೆ ಕುಳಿತ ಮಾರ್ಗದರ್ಶಿ ಹೇಮಿಚ್ ಅವಳಿಗೆ ಪ್ರಾಯೋಜಕರ ಹಣದಿಂದ ಏನಾದರೂ ಕಳಿಸಬಹುದು, ಮಾತಾಡುವಂತಿಲ್ಲ. ನೀರಿಲ್ಲದೆ ಸಾಯುವ ಸ್ಥಿತಿಗೆ ಬಂದ ಕಾಟ್‌ನಿಸ್ ನೀರು ಎಂದು ಬೇಡುತ್ತಾಳೆ. ಏನೂ ಬರುವುದಿಲ್ಲ. ಅವನು ತನ್ನನ್ನು ದ್ವೇಷಿಸುತ್ತಾನೆ ಎಂದು ಮೊದಲು ಕುದಿಯುತ್ತಾಳೆ, ಆಮೇಲೆ ಇನ್ನೊಂದು ಯೋಚನೆ ಬರುತ್ತದೆ: ನೀರು ಹತ್ತಿರದಲ್ಲಿಯೇ ಇರಬೇಕು, ಅದಕ್ಕೇ ಕಳಿಸುತ್ತಿಲ್ಲ. ಮೌನವನ್ನೇ ಪತ್ರದಂತೆ ಓದುತ್ತಾಳೆ. ಮುಂದೆ ಅವಳ ಊರಿನಿಂದಲೇ ಆಟಕ್ಕೆ ಬಂದು ಗಾಯಗೊಂಡ ಪೀಟಾ ಎಂಬ ಹುಡುಗನಿಗೆ ಅವಳು ಮುತ್ತಿಟ್ಟಾಗ ಪ್ಯಾರಾಶೂಟಿನಲ್ಲಿ ಬಿಸಿ ಸೂಪಿನ ಪಾತ್ರೆ ಇಳಿಯುತ್ತದೆ. ಅದರೊಂದಿಗೆ ಚೀಟಿ ಇಲ್ಲ, ಮಾತಿಲ್ಲ. ಒಂದು ಮುತ್ತಿಗೆ ಒಂದು ಪಾತ್ರೆ ಸೂಪು ಎಂಬ ಅರ್ಥವನ್ನು ಅವಳೇ ಮಾಡಿಕೊಳ್ಳಬೇಕು. ಆ ಕ್ಷಣದಿಂದ ತನ್ನ ಪ್ರೀತಿ ಎಷ್ಟು ನಿಜ, ಎಷ್ಟು ನಟನೆ ಎಂಬುದು ಅವಳಿಗೂ ಗೊಂದಲ, ಓದುವ ನಮಗೂ ಗೊಂದಲ.

ಗ್ಯಾರಿ ರಾಸ್ ನಿರ್ದೇಶಿಸಿದ 2012ರ ಸಿನಿಮಾದ ಚಿತ್ರಕಥೆಯಲ್ಲಿ ಕಾಲಿನ್ಸ್ ಅವರ ಕೈಯೂ ಇದೆ. ಅಲ್ಲಿ ಆ ಸೂಪಿನ ಜೊತೆ ಹೇಮಿಚ್‌ನ ಚೀಟಿ ಬರುತ್ತದೆ, ಇದನ್ನು ಮುತ್ತು ಎನ್ನುತ್ತೀಯಾ ಎಂದು ಅವನು ಕೇಳುತ್ತಾನೆ. ಚಿತ್ರಮಂದಿರದಲ್ಲಿ ಇದಕ್ಕೆ ನಗು ಬರುತ್ತದೆ, ಗೊಂದಲ ಹೋಗುತ್ತದೆ. ರೂ ಎಂಬ ಪುಟ್ಟ ಹುಡುಗಿ ಸತ್ತ ಮೇಲೆ ಪುಸ್ತಕದಲ್ಲಿ ಅವಳ ಬಡ ಜಿಲ್ಲೆಯವರು ಹಣ ಕೂಡಿಸಿ ಕಾಟ್‌ನಿಸ್‌ಗೆ ಒಂದು ಬ್ರೆಡ್ ಕಳಿಸುತ್ತಾರೆ. ಸಿನಿಮಾದಲ್ಲಿ ಅದರ ಬದಲು ಆ ಜಿಲ್ಲೆಯಲ್ಲಿ ದಂಗೆ ಏಳುತ್ತದೆ. ದಂಗೆಯ ದೃಶ್ಯ ಜೋರಾಗಿದೆ, ನೋಡುವಾಗ ನನ್ನ ಮೈಯೂ ಝುಮ್ಮೆಂದಿದೆ. ಆದರೂ ನನ್ನ ಮತ ಬ್ರೆಡ್ಡಿಗೆ. ಹೊರಗಿನ ಜಗತ್ತಿನಲ್ಲಿ ತನ್ನಿಂದ ಏನು ನಡೆಯುತ್ತಿದೆ ಎಂಬುದು ಕಾಡಿನೊಳಗಿನ ಕಾಟ್‌ನಿಸ್‌ಗೆ ತಿಳಿಯಲು ಸಾಧ್ಯವೇ ಇಲ್ಲ, ಅವಳ ಕೈಗೆ ಸಿಕ್ಕಿದ್ದು ಇನ್ನೂ ಬೆಚ್ಚಗಿದ್ದ ಆ ಬ್ರೆಡ್ ಮಾತ್ರ.

ಇಷ್ಟು ಹೇಳಿದರೂ ಆ ಸಿನಿಮಾವನ್ನು ನಾನು ಒಳ್ಳೆಯ ರೂಪಾಂತರಗಳ ಸಾಲಿನಲ್ಲಿಯೇ ಇಡುತ್ತೇನೆ. ಕಾಟ್‌ನಿಸ್‌ಳ ಮನಸ್ಸಿನೊಳಗಿನ ಮಾತನ್ನು ಹಿನ್ನೆಲೆ ದನಿಯಲ್ಲಿ ಹೇಳಿಸುವ ಸುಲಭದ ದಾರಿಯನ್ನು ಅದು ಹಿಡಿಯಲಿಲ್ಲ. ಬದಲಿಗೆ ಪುಸ್ತಕದಲ್ಲಿ ಇಲ್ಲದ ನಿಯಂತ್ರಣ ಕೊಠಡಿಯನ್ನು ತೋರಿಸಿತು. ಅಲ್ಲಿ ಬಿಳಿ ಅಂಗಿಯವರು ಬೆರಳಾಡಿಸಿ ಕಾಡಿಗೆ ಬೆಂಕಿ ಹಚ್ಚುತ್ತಾರೆ, ಟಿವಿ ನಿರೂಪಕ ನಗುನಗುತ್ತ ವಿಷದ ಕಣಜಗಳ ಬಗ್ಗೆ ವಿವರಣೆ ಕೊಡುತ್ತಾನೆ. ಇದರಿಂದ ನಮಗೆ ಕಾಟ್‌ನಿಸ್‌ಗಿಂತ ಹೆಚ್ಚು ತಿಳಿಯುತ್ತದೆ ನಿಜ, ಆದರೆ ಹಾಗೆ ತಿಳಿಯುವಾಗ ನಾವು ಮಕ್ಕಳ ಸಾವನ್ನು ಆರಾಮವಾಗಿ ಕುಳಿತು ನೋಡುವ ಕ್ಯಾಪಿಟಲ್‌ನ, ಅಂದರೆ ಆ ರಾಜ್ಯದ ರಾಜಧಾನಿಯ, ಪ್ರೇಕ್ಷಕರ ಸಾಲಿನಲ್ಲಿ ಸೇರಿಬಿಡುತ್ತೇವೆ. ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳ ನಡುವೆ ಚಾನೆಲ್ ಬದಲಿಸುತ್ತಿದ್ದಾಗ ಈ ಕಥೆ ಹೊಳೆಯಿತು ಎಂದು ಕಾಲಿನ್ಸ್ ಹೇಳಿದ್ದಾರೆ. ಆ ಹುಟ್ಟಿನ ಕ್ಷಣಕ್ಕೆ ಪುಸ್ತಕಕ್ಕಿಂತ ಸಿನಿಮಾವೇ ಹೆಚ್ಚು ಹತ್ತಿರವಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ಮಾಲ್ಗುಡಿ ಡೇಸ್ ಅನ್ನು ಇಲ್ಲಿ ನೆನೆಯದೆ ಇರಲಾರೆ. ಆರ್. ಕೆ. ನಾರಾಯಣ್ ಅವರ ಸ್ವಾಮಿ ಅಂಡ್ ಫ್ರೆಂಡ್ಸ್ ಬಂದದ್ದು 1935ರಲ್ಲಿ, ಹದಿಹರೆಯದ ಕಾದಂಬರಿ ಎಂಬ ವಿಭಾಗವೇ ಪುಸ್ತಕದಂಗಡಿಗಳಲ್ಲಿ ಇಲ್ಲದ ಕಾಲ ಅದು. ಮನೆ ಬಿಟ್ಟು ಓಡಿ ಕಾಡಿನಲ್ಲಿ ದಾರಿ ತಪ್ಪಿದ ಸ್ವಾಮಿಯನ್ನು ಅಧಿಕಾರಿಯೊಬ್ಬರು ಕಾಪಾಡಿದಾಗ, ಅಂದಿನ ಕ್ರಿಕೆಟ್ ಪಂದ್ಯಕ್ಕೆ ಇನ್ನೂ ಹೋಗಬಹುದು ಎಂದೇ ಅವನು ನಂಬಿರುತ್ತಾನೆ. ಇಂದು ಭಾನುವಾರ, ಪಂದ್ಯ ನಿನ್ನೆಯೇ ಮುಗಿದಿದೆ ಎಂಬ ಮಾತು ಅವನ ಪಾಲಿಗೆ ಆಕಾಶ ಕಳಚಿ ಬಿದ್ದಂತೆ. ಶಂಕರ್ ನಾಗ್ ಸ್ವಾಮಿಯ ಪಾತ್ರಕ್ಕೆ ನಿಜವಾಗಿಯೂ ಆ ವಯಸ್ಸಿನವನಾಗಿದ್ದ ಮಾಸ್ಟರ್ ಮಂಜುನಾಥ್ ಅವರನ್ನೇ ತಂದರು. 1986ರ ಆ ಕೆಲಸವನ್ನು ನಮ್ಮ ಮನೆಯಲ್ಲಿ ಇಂದಿಗೂ ಮೂರು ತಲೆಮಾರಿನವರು ಒಟ್ಟಿಗೆ ಕುಳಿತು ನೋಡುವುದಕ್ಕೆ ಆ ಹುಡುಗನ ಮುಖದಲ್ಲಿದ್ದ ಕಂಗಾಲು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ದೊಡ್ಡ ಸ್ಟುಡಿಯೊಗಳು ಅಸಾಧ್ಯ ಎಂದು ಕೈಬಿಟ್ಟದ್ದನ್ನು ಮಳೆಯ ಊರಿನಲ್ಲಿ ಅವರು ಮಾಡಿ ತೋರಿಸಿದ್ದಾರೆ.

ಈಗ ನಾನು ಕಾಯುತ್ತಿರುವುದು ಸನ್‌ರೈಸ್ ಆನ್ ದ ರೀಪಿಂಗ್ ಸಿನಿಮಾಕ್ಕೆ. ಕಾಲಿನ್ಸ್ ಅವರ ಈ ಕಾದಂಬರಿ 2025ರ ಮಾರ್ಚ್‌ನಲ್ಲಿ ಬಂತು, ಫ್ರಾನ್ಸಿಸ್ ಲಾರೆನ್ಸ್ ನಿರ್ದೇಶನದ ಸಿನಿಮಾಕ್ಕೆ 2026ರ ನವೆಂಬರ್ ಎಂದು ಘೋಷಣೆಯಾಗಿದೆ. ಇಲ್ಲಿ ಹೇಮಿಚ್‌ಗೆ ಹದಿನಾರು ವರ್ಷ, ಅವನೇ ಕಥೆ ಹೇಳುತ್ತಾನೆ. ನಲವತ್ತೆಂಟು ಮಕ್ಕಳ ಆ ಐವತ್ತನೆಯ ಆಟದಲ್ಲಿ ಅವನು ಗೆಲ್ಲುತ್ತಾನೆ ಎಂಬುದು ಹಳೆಯ ಓದುಗರಿಗೆಲ್ಲ ಗೊತ್ತು. ಸರಣಿಯ ಎರಡನೆಯ ಪುಸ್ತಕದಲ್ಲಿ ಕಾಟ್‌ನಿಸ್ ಮತ್ತು ಪೀಟಾ ಆ ಆಟದ ಟೇಪನ್ನು ನೋಡುತ್ತಾರೆ, ಅವರೊಂದಿಗೆ ನಾವೂ ನೋಡಿದ್ದೇವೆ. ಹೊಸ ಕಾದಂಬರಿಯನ್ನು ಓದುತ್ತ ಹೋದಂತೆ ಆ ಟೇಪು ಕತ್ತರಿಸಿ ಜೋಡಿಸಿದ್ದು, ಅವನ ಆಯ್ಕೆಯ ದೃಶ್ಯವನ್ನೂ ಕ್ಯಾಮೆರಾಕ್ಕಾಗಿ ತಿರುಚಿ ತೆಗೆದದ್ದು, ಅವನ ಬಂಡಾಯವನ್ನೆಲ್ಲ ಅಳಿಸಿಹಾಕಿದ್ದು ತಿಳಿಯುತ್ತದೆ. ಇಷ್ಟು ವರ್ಷ ನಮಗೆ ಗೊತ್ತಿದೆ ಎಂದುಕೊಂಡದ್ದು ಕ್ಯಾಪಿಟಲ್ ನಮಗೆ ತೋರಿಸಿದ್ದಷ್ಟೇ ಆಗಿತ್ತು. ಆದ್ದರಿಂದ ಮೊದಲ ಸಿನಿಮಾದಲ್ಲಿ ನಾನು ಮೆಚ್ಚಿದ ಆ ನಿಯಂತ್ರಣ ಕೊಠಡಿ ಈ ಸಿನಿಮಾದಲ್ಲಿ ಬರಬಾರದು ಎಂಬುದು ನನ್ನ ಆಸೆ. ಕ್ಯಾಮೆರಾ ಹೇಮಿಚ್‌ನನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗದಿರಲಿ, ಟಿವಿಯಲ್ಲಿ ಏನು ಪ್ರಸಾರವಾಯಿತು ಎಂಬುದು ಆಟ ಮುಗಿದ ಮೇಲೆ ಅವನಿಗೆ ತಿಳಿಯುವಾಗಲೇ ಪ್ರೇಕ್ಷಕರಿಗೂ ತಿಳಿಯಲಿ. ಟ್ರೇಲರ್‌ಗಳನ್ನು ನೋಡದೆ ಇರಲು ನಾನೂ ನನ್ನ ತಮ್ಮನೂ ಈಗಲೇ ನಿರ್ಧರಿಸಿದ್ದೇವೆ, ಈ ಸಲ ಅವನು ಪುಸ್ತಕವನ್ನು ಮೊದಲು ಓದುತ್ತಿದ್ದಾನೆ.